ಪರೀಕ್ಷೆಗೆ ಬರುತ್ತಿದ್ದ ಹೃದಯ

ಎಂಬಿಬಿಎಸ್ ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಬಂತೆಂದರೆ ನಾನು ಪಾಠ ಮಾಡುತ್ತಿದ್ದ ರಾಜಾಜಿನಗರದ ಕಡೆಯ ಕಾಲೇಜಿನ ಮೆಡಿಸಿನ್ ವಿಭಾಗದಲ್ಲಿ ಮದುವೆ ಮನೆಯ ಗಡಿಬಿಡಿ. ಊಟದ ಏರ್ಪಾಡು, ಹೊರಗಿನ ಪರೀಕ್ಷಕರ ಉಪಚಾರ, ಎಲ್ಲಕ್ಕಿಂತ ಮುಖ್ಯವಾಗಿ 'ಒಳ್ಳೆ ಕೇಸು'ಗಳ ಹುಡುಕಾಟ. ಒಳ್ಳೆ ಕೇಸು ಎಂದರೆ ಕಾಯಿಲೆ ಕಣ್ಣಿಗೆ, ಕಿವಿಗೆ, ಕೈಗೆ ಚೆನ್ನಾಗಿ ಸಿಗುವ ರೋಗಿ. ಗುಣವಾದವರನ್ನು ನಾವ್ಯಾರೂ ಒಳ್ಳೆಯವರೆನ್ನುತ್ತಿರಲಿಲ್ಲ.

ನಮ್ಮ ಕಾಯಂ ಕೇಸು ಮಲ್ಲತ್ತಹಳ್ಳಿಯ ಒಬ್ಬ ಹೆಂಗಸು. ಅವರ ಹೃದಯದ ಕವಾಟವೊಂದು ಕಿರಿದಾಗಿ, ಸ್ಟೆತ್ ಇಟ್ಟರೆ ಗುಡುಗುಡು ಸದ್ದು ಕೇಳುತ್ತಿತ್ತು. ವಿದ್ಯಾರ್ಥಿಗಳ ಮುಂದೆ ಕಾಯಿಲೆಯ ವಿಷಯ ಬಾಯಿ ಬಿಡಬಾರದೆಂದು ಅವರಿಗೆ ತಾಕೀತು ಮಾಡಿದ್ದೆವು. ಬಿಡುವ ಅಗತ್ಯವೂ ಇರಲಿಲ್ಲ. ಪ್ರತಿ ಸಲ ಕಿಟಕಿ ಪಕ್ಕದ ಹಾಸಿಗೆಯೇ ಅವರದು. 'ಕಿಟಕಿ ಪಕ್ಕದ ಆಂಟಿ'ಗೆ ಏನಾಗಿದೆ ಎಂಬುದನ್ನು ಸೀನಿಯರ್‌ಗಳು ಜೂನಿಯರ್‌ಗಳಿಗೆ ವರ್ಷ ವರ್ಷ ದಾಟಿಸುತ್ತಿದ್ದರು. ಆಗ ನನ್ನ ಸಂಶೋಧನೆಯ ವಿಷಯ: ವಿದ್ಯಾರ್ಥಿಗಳು ಎದೆಯ ಸದ್ದು ಕೇಳಲು ಹೇಗೆ ಕಲಿಯುತ್ತಾರೆ. ನನ್ನ ಪುಣ್ಯ!

ಒಂದು ವರ್ಷ ಆಂಟಿಯನ್ನು ಮೊದಲು ಪರೀಕ್ಷಿಸಿದ ಹುಡುಗ, ಸದ್ದು ಎಲ್ಲಿ ಶುರುವಾಗಿ ಎಲ್ಲಿ ಏರುತ್ತದೆಂದು ಸಂಗೀತ ಕಚೇರಿ ಕೇಳಿ ಬಂದವನಂತೆ ವರ್ಣಿಸಿದ. ಹೊರಗಿನ ಪರೀಕ್ಷಕರು ತಲೆದೂಗಿದರು. ಕಾಲೇಜಿನ ಕಡೆಯ ಪರೀಕ್ಷಕನಾಗಿದ್ದ ನಾನೂ ದೂಗಿದೆ. ನಾವಿಬ್ಬರೂ ಸ್ಟೆತ್ ಮುಟ್ಟಿರಲಿಲ್ಲ.

ಎರಡನೆಯವಳು ಬಾಗಲಕೋಟೆ ಕಡೆಯ ಹುಡುಗಿ, ವಿಜಯನಗರದಲ್ಲಿ ರೂಮು ಮಾಡಿಕೊಂಡಿದ್ದಳು. ಒಮ್ಮೆ ಡುಮ್ಕಿ ಹೊಡೆದು ಮತ್ತೆ ಕೂತಿದ್ದಳು. ಈ ಸಲವೂ ಹೋದರೆ ಅವಳ ಓದಿಗೆ ಎಳ್ಳುನೀರು ಬಿಡಲು ಮನೆಯವರು ಸಿದ್ಧರಾಗಿದ್ದರು. ಅವಳು ಯಾವ ಸದ್ದೂ ಇಲ್ಲವೆಂದಳು. ಪರೀಕ್ಷಕರು ಮತ್ತೆ ಕೇಳಿ ಬಾ ಎಂದು ಕಳಿಸಿದರು. ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿ ಬಂದು ಅದನ್ನೇ ಹೇಳಿದಳು. ಇಷ್ಟು ದೊಡ್ಡ ಸದ್ದು ಕೇಳದವಳು ಡಾಕ್ಟರಾಗಿ ಏನು ಕಡಿದು ಕಟ್ಟೆ ಹಾಕುತ್ತಾಳೆ ಎಂದು ಪರೀಕ್ಷಕರು ನನ್ನತ್ತ ತಿರುಗಿ, ಫೇಲು ಅಂಕ ಬರೆಯಲು ಪೆನ್ನಿನ ಕ್ಯಾಪ್ ತೆಗೆದರು.

ನನಗೂ ರೇಗಿಹೋಯಿತು. ಇವಳಿಗೆ ಕೇಳಿಸಿಯೇ ತೀರುತ್ತೇನೆಂದು ಅವಳನ್ನು ಹಾಸಿಗೆಯ ಬಳಿ ಹೆಚ್ಚುಕಮ್ಮಿ ಎಳೆದುಕೊಂಡೇ ಹೋಗಿ ನನ್ನ ಸ್ಟೆತ್ ಇಟ್ಟೆ. ಲಬ್, ಡಬ್. ಆಂಟಿಯನ್ನು ಎಡಮಗ್ಗುಲಿಗೆ ಹೊರಳಿಸಿ ಇಟ್ಟೆ. ಲಬ್, ಡಬ್. ಗುಡುಗುಡು ಎಲ್ಲೂ ಇಲ್ಲ. ಏನಾಯಿತೆಂದು ಆಂಟಿಯನ್ನು ಮೆಲ್ಲಗೆ ಕೇಳಿದೆ.

"ಯುಗಾದಿ ಆದ್ಮೇಲೆ ಬೇರೆ ಆಸ್ಪತ್ರೇಲಿ ಬೆಲೂನ್ ಹಾಕಿ ಕಿರಿದಾಗಿದ್ದನ್ನ ಅಗಲ ಮಾಡಿದ್ರು ಸಾರ್. ಹುಡುಗ್ರತ್ರ ಬಾಯಿ ಬಿಡಬೇಡಿ ಅಂತ ನೀವೇ ತಾನೆ ಹೇಳಿದ್ದು?"

ಈಗ ಮೆಟ್ಟಿಲು ಹತ್ತಿದರೂ ಏದುಸಿರು ಬರುವುದಿಲ್ಲವೆಂದು ಸಂತೋಷದಿಂದ ತಿಳಿಸಿದರು. ದೇವರಾಣೆಗೂ ನನಗೆ ಮೊದಲು ಅನ್ನಿಸಿದ್ದು, ಅಯ್ಯೋ, ಎಂಥ ಒಳ್ಳೆ ಕೇಸು ಹಾಳಾಯಿತಲ್ಲ ಎಂದು.

ವಿಷಯ ತಿಳಿದ ಪರೀಕ್ಷಕರು ಸ್ವಲ್ಪ ಹೊತ್ತು ಕೆಮ್ಮಿದರು. ಹುಡುಗಿಯನ್ನು ಪಾಸು ಮಾಡಿದರು, ಆದರೆ ಆತ್ಮವಿಶ್ವಾಸ ಸಾಲದೆಂದು ಗಡಿಯ ಅಂಕಕ್ಕೇ ನಿಲ್ಲಿಸಿದರು. ಇಲ್ಲದ ಸದ್ದನ್ನು ವರ್ಣಿಸಿದವನ ಅಂಕ ಹಾಗೇ ಉಳಿಯಿತು. ಅವನಲ್ಲಿ ಆತ್ಮವಿಶ್ವಾಸಕ್ಕೇನೂ ಬರವಿರಲಿಲ್ಲ. ನಾನು ಜಗಳಕ್ಕೆ ನಿಂತೆ. ಊಟ ಆರುತ್ತದೆ, ಬನ್ನಿ ಎಂದರು.

ಹೊರಗೆ ಆ ಹುಡುಗಿ ಗೋಡೆಗೊರಗಿ ನಿಂತಿದ್ದಳು. ಕಿಟಕಿ ಪಕ್ಕದ ಆಂಟಿಯ ವಿಷಯ ನಿನಗೆ ಯಾರೂ ಹೇಳಿರಲಿಲ್ಲವೇ ಎಂದು ಕೇಳಿದೆ.

"ಎಲ್ಲಾರೂ ಹೇಳಿದ್ದರ್ರಿ ಸರ," ಎಂದಳು. "ಆದ್ರ ನನಗ ಕೇಳಸಲಿಲ್ಲಲ್ರಿ."