ಬಾಳೆ ಪಟ್ಟೆಯಲ್ಲಿ ಬಂದ ಬಿಳಿ ವೈನ್

ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತಿದಾಗ ಬೆಳಗಿನ ಒಂಬತ್ತೂವರೆ. ಏಪ್ರಿಲ್ ಬಿಸಿಲಿಗೆ ಸೀಟು ಆಗಲೇ ಕಾದಿತ್ತು. ಆಧಾರ್ ತೋರಿಸಿ ಸೊನ್ನೆ ರೂಪಾಯಿ ಟಿಕೆಟ್ ಪಡೆದೆ. ಮೂವತ್ತೈದು ಕಿಲೋಮೀಟರಿನಷ್ಟು ದಾರಿ. ತೊಡೆಯ ಮೇಲಿನ ಚೀಲದಲ್ಲಿ, ಒದ್ದೆ ಟವೆಲು ಸುತ್ತಿದ ಅರ್ಧ ಬಾಟಲಿ ಬಿಳಿ ವೈನ್. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ನಾನು.

ಹಂಗಳದ ಆಚೆಯ ಒಂದು ರೆಸಾರ್ಟಿನಲ್ಲಿ ನನಗೆ ರೂಮು ಗುಡಿಸುವ ಕೆಲಸ, ಅದೂ ತಿಂಗಳ ಕೊನೆಗೆ ಮುಗಿಯುವುದಿತ್ತು. ಅಲ್ಲೇ ವೈನ್ ಬಡಿಸುವ ಖಾಯಂ ಕೆಲಸವೊಂದು ಖಾಲಿಯಿತ್ತು. ಮ್ಯಾನೇಜರು ನನಗೂ ಆ ಕೆಲಸ ಕೇಳಿದ್ದ ಇನ್ನಿಬ್ಬರಿಗೂ ಒಂದೇ ಜಾತಿಯ ವೈನು ಕೊಟ್ಟು, "ಚಳಿ ದೇಶದ ದ್ರಾಕ್ಷಿ, ರೀಸ್ಲಿಂಗ್ ಅಂತ. ಕುಡಿಯಬೇಡ, ಮೂಸು. ಏನೇನು ಅನ್ನಿಸಿತೋ ಸೋಮವಾರ ಹೇಳು. ತಣ್ಣಗಿಡು, ಬಿಸಿಯಾದರೆ ಕೆಟ್ಟಿತು" ಅಂದಿದ್ದರು.

ಉಮ್ಮತ್ತೂರಿನ ನಮ್ಮ ಮನೆಯ ಫ್ರಿಜ್ಜಿನಲ್ಲಿ ಅವ್ವನ ಪೂಜೆಯ ಹಾಲಿರುತ್ತದೆ. ಅಲ್ಲಿ ಅದನ್ನಿಡುವ ಧೈರ್ಯ ನನಗಿರಲಿಲ್ಲ. ತೋಟದ ಮೋಟಾರ್ ಮನೆಯಲ್ಲಿ, ಬಕೆಟ್ ನೀರಿನೊಳಗೆ ನಿಲ್ಲಿಸಿ ಗೋಣಿಚೀಲ ಮುಚ್ಚಿದ್ದೆ. ಎರಡು ದಿನವೂ ಕದ್ದು ಹೋಗಿ ಮೂಸಿ ಬಂದೆ. ಮಟಮಟ ಮಧ್ಯಾಹ್ನವೂ ನೀರು ತಣ್ಣಗಿದ್ದದ್ದು ನನ್ನ ಅದೃಷ್ಟ ಅಂದುಕೊಂಡೆ.

ಬಸ್ಸಿನಲ್ಲಿ ಪಕ್ಕ ಕೂತವರು ಮಾದೇವಮ್ಮ ಅನ್ನುವ ಮುದುಕಿ. ಗುಂಡ್ಲುಪೇಟೆಗೆ ವೀಳ್ಯದೆಲೆ ಮಾರಲು ಹೊರಟಿದ್ದರು. ಕಾಲ ಬಳಿ ಒದ್ದೆ ಬಾಳೆ ಪಟ್ಟೆಯಲ್ಲಿ ಸುತ್ತಿದ ಎಲೆಯ ಕಟ್ಟುಗಳಿದ್ದವು.

"ಅದೇನಮ್ಮಿ, ಚೀಲ ತೊಟ್ಟಿಕ್ತಾ ಅದೆ?"

"ಔಷಧಿ ಅಜ್ಜಿ. ತಣ್ಣಗಿರಬೇಕು."

"ಟವೆಲು ಈ ಬಿಸ್ಲಿಗೆ ಎಷ್ಟೊತ್ತು ತಡೆದಾತು? ತತ್ತಾ ಇಲ್ಲಿ. ಎಲೆ ಮದ್ಯೆ ಮಡಗ್ತೀನಿ."

ಬೇಡ ಅನ್ನುವಷ್ಟರಲ್ಲಿ ಬಾಟಲಿ ಪಟ್ಟೆಯೊಳಗೆ ಸೇರಿತ್ತು. ಎಲೆ ಯಾರಿಗೆ ಅಂತ ಕೇಳಿದೆ. ಮದುವೆ ಮನೆಯ ತಾಂಬೂಲಕ್ಕೆ ಅಂದರು. ನನಗೆ ನಾಚಿಕೆಯಾಯಿತು, ಆದರೂ ಬಾಯಿ ಬಿಡಲಿಲ್ಲ.

ತೆರಕಣಾಂಬಿ ಹತ್ತಿರ ಟೈರು ಪಂಕ್ಚರ್ ಆಯಿತು. ಎಲ್ಲರೂ ಇಳಿದು ಹುಣಸೆ ಮರದ ಕೆಳಗೆ ನಿಂತೆವು. ತಡೆಯಲಾರದೆ ಬಾಟಲಿ ತೆಗೆದು ಮುಚ್ಚಳ ತಿರುಗಿಸಿ ಮೂಸಿದೆ. ಮೊದಲು ನಿಂಬೆ, ಅದರ ಹಿಂದೆಯೇ ಸೀಮೆಎಣ್ಣೆ. ಮೋಟಾರ್ ಮನೆಯಲ್ಲೂ ಆ ವಾಸನೆ ಬಂದಿತ್ತು. ರೇಷನ್ ಕಾಲದ ಹಳೇ ಸೀಮೆಎಣ್ಣೆ ಕ್ಯಾನು ಅಲ್ಲೇ ಪಕ್ಕದಲ್ಲಿದ್ದುದರಿಂದ ಅದರದ್ದೇ ಅಂದುಕೊಂಡಿದ್ದೆ. ಈಗ ಬಯಲಿನಲ್ಲಿ ನಿಂತರೂ ಬರುತ್ತಿದೆ. ಕ್ಯಾನು ಸೋರಿ ಬಕೆಟಿಗೆ ಇಳಿದಿರಬೇಕು, ನಾನೇ ವೈನು ಕೆಡಿಸಿದೆ.

ಮಾದೇವಮ್ಮ ನನ್ನ ಮುಖ ನೋಡಿ ಬಾಟಲಿಗೆ ಮೂಗು ಒಡ್ಡಿದರು. ನಿಧಾನವಾಗಿ ಎರಡು ಸಲ ಮೂಸಿದರು.

"ಗಜನಿಂಬೆ ಸಿಪ್ಪೆ ಇದ್ದಂಗದೆ. ಆಮೇಕೆ ಕಾದ ಬಂಡೆ ಮ್ಯಾಲೆ ಮೊದಲ್ನೇ ಮಳೆ ಬಿದ್ದಂಗೆ. ಕಡೇಲಿ ಸೀಮೆಣ್ಣೆ ಕಣಮ್ಮಿ. ಬುಡ್ಡಿ ಬತ್ತಿ ಎಳೀವಾಗ ಬರದಲ್ಲ, ಅಂಗೆ."

"ಔಷಧಿ ಅಲ್ಲ ಅಜ್ಜಿ. ವೈನು. ಮದುವೆ ಎಲೆ ಅಂತ ಗೊತ್ತಾದ ಮೇಲೂ ಸುಮ್ಮನಿದ್ದುಬಿಟ್ಟೆ" ಅಂದೆ. ಸಿಗಬೇಕಿದ್ದ ಕೆಲಸವನ್ನೂ ಸೀಮೆಎಣ್ಣೆ ಕ್ಯಾನಿನ ವಿಷಯವನ್ನೂ ಹೇಳಿಕೊಂಡೆ.

ಅವರು ಬೈಯಲಿಲ್ಲ. ಬಾಟಲಿಗೆ ತಾಗಿದ್ದ ಕಟ್ಟನ್ನು ಬೇರೆ ಎತ್ತಿಟ್ಟು, "ಇದು ಬೀಡಾ ಅಂಗ್ಡಿಗೆ ಓಯ್ತದೆ ಬುಡು" ಅಂದರು. ಬಸ್ಸು ಹೊರಡುವ ಮುಂಚೆ ಇನ್ನೊಂದು ಮಾತು ಹೇಳಿದರು. "ಎಲೆ ಬಾಡಿದ್ರೆ ಬಾಡ್ಯದೆ ಅಂತ ಹೇಳೇ ಮಾರೋಳು ನಾನು. ನೀನೂವೆ ಕೆಟ್ಟಿದ್ರೆ ಕೆಟ್ಟದೆ ಅನ್ನು."

ಗುಂಡ್ಲುಪೇಟೆಯಲ್ಲಿ ಅವರು ಬಾಟಲಿಗೆ ಒಂದು ಒದ್ದೆ ಪಟ್ಟೆ ಸುತ್ತಿಕೊಟ್ಟು ಮಾರುಕಟ್ಟೆ ಕಡೆ ನಡೆದರು. ಹಂಗಳಕ್ಕೆ ಇನ್ನೊಂದು ಬಸ್ಸು, ಅಲ್ಲಿಂದ ರೆಸಾರ್ಟಿನ ಜೀಪು. ಚೀಟಿಯಲ್ಲಿ ನಿಂಬೆ, ಹಸಿರು ಸೇಬು ಅಂತೆಲ್ಲ ಮೊಬೈಲು ನೋಡಿ ಬರೆದುಕೊಂಡಿದ್ದೆ. ಅಷ್ಟನ್ನೇ ಓದಿ ಸುಮ್ಮನಾಗಬಹುದಿತ್ತು. ದಾರಿಯುದ್ದಕ್ಕೂ ಅದೇ ಆಸೆ ಕಾಡಿತು.

ಮೂರು ಗಂಟೆಗೆ ಮ್ಯಾನೇಜರ ಎದುರು ಗ್ಲಾಸಿಗೆ ಬಗ್ಗಿಸಿದೆ. ತಿಳಿ ಹಳದಿ, ಅಂಚಿನಲ್ಲಿ ತುಸು ಹಸಿರು. ಚೀಟಿ ಮಡಚಿ, ಗಜನಿಂಬೆ ಸಿಪ್ಪೆ ಅಂದೆ, ಮಳೆ ಬಿದ್ದ ಬಂಡೆ ಅಂದೆ. ಆಮೇಲೆ ನೆಲ ನೋಡುತ್ತ, "ಸೀಮೆಎಣ್ಣೆ ವಾಸನೆಯೂ ಇದೆ ಸರ್. ಕ್ಯಾನಿನ ಪಕ್ಕ ಇಟ್ಟಿದ್ದೆ. ತಪ್ಪು ನನ್ನದು" ಅಂದೆ.

ಅವರು ಮೂಸಿದರು, ಒಂದು ಗುಟುಕು ಬಾಯಲ್ಲಿ ಹೊರಳಿಸಿದರು.

"ಹುಳಿ ಚೂಪಾಗಿದೆ, ಏನೂ ಕೆಟ್ಟಿಲ್ಲ. ವಯಸ್ಸಾದ ರೀಸ್ಲಿಂಗಿಗೆ ಸೀಮೆಎಣ್ಣೆ ವಾಸನೆಯೇ ಗುರುತು. ಉಳಿದಿಬ್ಬರೂ ನಿಂಬೆ, ಸೇಬು ಅಂತ ಓದಿ ಹೋದರು. ಒಂದನೇ ತಾರೀಕಿನಿಂದ ವೈನ್ ಬಡಿಸುವ ಕೆಲಸಕ್ಕೆ ಬಾ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಸಂಜೆ ಅವ್ವನಿಗೆ ಫೋನು ಮಾಡಿ ಕೆಲಸ ಖಾಯಂ ಆಯಿತು ಅಂದೆ.

"ಏನ್ ಕೆಲ್ಸ?"

ಊಟ ಬಡಿಸುವುದು ಅನ್ನಬಹುದಿತ್ತು. "ವೈನು ಬಡಿಸೋದು ಕಣವ್ವ" ಅಂದೆ.

ಅವ್ವ ಮೆಲ್ಲಗೆ ಹೇಳಿದಳು.

"ಗೊತ್ತು. ಬಕೀಟು ನೀರು ಬಿಸಿಯಾದಾಗೆಲ್ಲ ಬದ್ಲಾಯ್ಸಿದ್ದು ಯಾರು ಅನ್ಕಂಡಿದ್ದೆ?"