ನಜೀರ್ ಸಾಬರ ಮಂಗಳವಾರದ ಕುಸ್ತಿ

ಮಂಗಳವಾರ ಬೆಳಗಿನ ಆರು ಗಂಟೆ. ರಾಮನಗರದ ರೈಲು ಹಳಿಯಾಚೆಯ ಓಣಿಯೊಂದರಲ್ಲಿ ಇಬ್ಬರು ಅಮೆರಿಕದ ಪೈಲ್ವಾನರು ಹೊಡೆದಾಡುತ್ತಿದ್ದಾರೆ. ಹೊಡೆದಾಟ ನಡೆಯುತ್ತಿರುವುದು ಗಾಜು ಸೀಳಿದ ಹಳೆಯ ಮೊಬೈಲಿನಲ್ಲಿ. ಮೊಬೈಲು ಕಿಟಕಿಯ ಸರಳಿಗೆ ಒರಗಿ ನಿಂತಿದೆ. ಕಿಟಕಿಯ ಕೆಳಗೆ ಒಲೆ, ಒಲೆಯ ಮೇಲೆ ಕುದಿಯುವ ನೀರಿನ ಬಾಣಲೆ, ನೀರಿನಲ್ಲಿ ಉರುಳಾಡುವ ರೇಷ್ಮೆ ಗೂಡುಗಳು. ಮಣೆಯ ಮೇಲೆ ಕುಳಿತ ನಜೀರ್ ಸಾಬರು ಬರಿಗೈಯನ್ನು ಆ ನೀರಿಗೆ ಅದ್ದಿ, ಗೂಡಿನ ಎಳೆ ಹುಡುಕಿ, ಓಡುತ್ತಿರುವ ನೂಲಿಗೆ ಸೇರಿಸುತ್ತಾರೆ. ಅವರ ಬೆರಳುಗಳು ಬೆಳ್ಳಗೆ, ತುಂಬ ಹೊತ್ತು ನೆನೆಸಿಟ್ಟ ಕಡಲೆಯಂತೆ ಸುಕ್ಕಾಗಿವೆ.

"ಯಾರು ಬಂದ ಈಗ?" ಎಂದು ಕೇಳುತ್ತಾರೆ. ಮೊಬೈಲಿನ ಕಡೆ ತಿರುಗುವುದಿಲ್ಲ.

ಎದುರಿಗೆ ನಿಂತು ಚರಕ ತಿರುಗಿಸುತ್ತಿರುವ ಹೆಂಡತಿ ಮುನವ್ವರಾ ಉಸಿರು ಬಿಡದೆ ಹೇಳುತ್ತಾರೆ: "ಹಸಿರು ಚಡ್ಡಿಯೋನು ಬಂದ. ಬೋಳನ್ನ ಎತ್ತಿ ಹಗ್ಗಕ್ಕೆ ಬಿಸಾಕ್ದ. ಬಲಗಡೆ ಎರಡು ಎಳೆ ಕಡಿದೈತೆ, ಹಾಕ್ರಿ. ಬೋಳ ಎದ್ದ ನೋಡಿ, ತಲೆ ಉಜ್ಜಿಕೊಂತಾವ್ನೆ."

"ಆ ಬೋಳನ ಸೊಂಟ ಇನ್ನೂ ಮುರ್ದಿಲ್ವೇನಕ್ಕಾ? ಹೋದ್ ವಾರಾನೂ ಎತ್ತಾಕಿದ್ರಲ್ಲ!" ಸೌದೆ ತಂದು ಹಾಕುವ ದಾಸಪ್ಪ ಬಾಗಿಲಲ್ಲಿ ನಿಂತು ನಗುತ್ತಾರೆ.

"ನೀನ್ ನಿನ್ ಸೌದೆ ನೋಡ್ಕೊ. ಹಸಿ ಸೌದೆ ತಂದು ಹೊಗೆ ಎಬ್ಬಿಸ್ಬುಟ್ಟು, ಇಲ್ಲಿ ಸೊಂಟ ಎಣಿಸ್ತಾನೆ," ಎಂದು ಮುನವ್ವರಾ ಗದರುತ್ತಾರೆ.

ಈ ದಂಪತಿಯ ಮನೆಮಾತು ಉರ್ದು. ಒಲೆಯ ಬಳಿ ದಾಸಪ್ಪನೂ ಇರುವುದರಿಂದ ಕುಸ್ತಿಯ ವರದಿ ಕನ್ನಡದಲ್ಲೇ ನಡೆಯುತ್ತದೆ. ಅಮೆರಿಕದಲ್ಲಿ ಸೋಮವಾರ ರಾತ್ರಿ ನಡೆಯುವ ಆಟ ನಮಗೆ ಮಂಗಳವಾರ ಬೆಳಗಾಗುವ ಹೊತ್ತಿಗೆ ಸಿಗುತ್ತದೆ. ಒಲೆ ಹಚ್ಚುವ ಸಮಯವೂ ಅದೇ. ಹಿಂದೆ ಟಿವಿಯಲ್ಲಿ ಬರುತ್ತಿದ್ದದ್ದು ಈಗ ಆ್ಯಪಿಗೆ ಹೋಗಿದೆ. ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ, ನಜೀರ್ ಸಾಬರ ಅಣ್ಣನ ಮಗ ಸಾಬೀರ್ ತಾನು ದುಡ್ಡು ಕಟ್ಟಿದ ಆ್ಯಪನ್ನೇ ಇವರ ಮೊಬೈಲಿಗೂ ಹಾಕಿಕೊಟ್ಟಿದ್ದಾನೆ.

ನಜೀರ್ ಸಾಬರಿಗೆ ಈಗ ಅರವತ್ತರ ಹತ್ತಿರ. ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿನಲ್ಲಿ ಉಳಿದಿರುವುದು ಕೊಳವೆಯೊಳಗಿಂದ ಇಣುಕಿದಷ್ಟು ಮಾತ್ರ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸತ್ತಿದೆ, ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಹನಿ ಔಷಧಿ ಹಾಕಿ ಕಾಪಾಡಿಕೊಳ್ಳಿ ಎಂದಿದ್ದಾರೆ ಡಾಕ್ಟರು. ಡಾಕ್ಟರ ಬಳಿಗೆ ಮೊದಲೇ ಹೋಗಬಹುದಿತ್ತು. ಆದರೆ ಹಬೆಯ ಮುಂದೆ ಕೂರುವವರಿಗೆಲ್ಲ ಸಂಜೆಯ ಹೊತ್ತಿಗೆ ಕಣ್ಣು ಮಂಜಾಗುತ್ತದೆ, ಅದನ್ನು ಈ ಓಣಿಯಲ್ಲಿ ಯಾರೂ ಕಾಯಿಲೆ ಎನ್ನುವುದಿಲ್ಲ. ಮುಖ ತೊಳೆದು ಮಲಗುತ್ತಾರೆ. ನಜೀರ್ ಸಾಬರೂ ಹಾಗೆಯೇ ವರ್ಷಗಟ್ಟಲೆ ಮುಖ ತೊಳೆದು ಮಲಗಿದರು. ಬೆಳಿಗ್ಗೆಯೂ ಮಂಜು ಹೋಗದೇ ಇದ್ದಾಗ ಆಸ್ಪತ್ರೆಯ ಮೆಟ್ಟಿಲು ಹತ್ತಿದರು.

ನೂಲು ಬಿಚ್ಚುವ ಕೆಲಸ ನೋಡುವುದಕ್ಕೆ ಸುಲಭ. ಹತ್ತು ಹನ್ನೆರಡು ಗೂಡುಗಳ ಎಳೆ ಸೇರಿ ಒಂದು ನೂಲಾಗಿ ಚರಕಕ್ಕೆ ಸುತ್ತಿಕೊಳ್ಳುತ್ತದೆ. ಗೂಡು ಖಾಲಿಯಾದರೆ ಅದರ ಎಳೆ ಕಡಿಯುತ್ತದೆ. ಆ ಕ್ಷಣಕ್ಕೇ ಇನ್ನೊಂದನ್ನು ಸೇರಿಸಬೇಕು. ಸೇರಿಸದಿದ್ದರೆ ಅಷ್ಟುದ್ದ ನೂಲು ತೆಳ್ಳಗಾಗುತ್ತದೆ, ಮಗ್ಗದಲ್ಲಿ ತುಂಡಾಗುತ್ತದೆ, ಕೊಂಡವರು ಬಯ್ಯುತ್ತಾರೆ. ಬೈಗುಳ ಬಂದರೆ ಈ ಒಲೆ, ಚರಕಗಳ ಮಾಲೀಕ ವಹಾಬ್ ಎಷ್ಟು ಒಳ್ಳೆಯವರಾದರೂ ಕಣ್ಣಿಲ್ಲದವರನ್ನು ಈ ಮಣೆಯ ಮೇಲೆ ಎಷ್ಟು ದಿನ ಕೂರಿಸಿಯಾರು? ಮಣೆ ಹೋದರೆ ಚರಕವೂ ಹೋಯಿತು. ಗಂಡ ಹೆಂಡತಿ ಇಬ್ಬರೂ ಜೋಡಿಯಾಗಿಯೇ ದುಡಿಯುವವರು. ನಜೀರ್ ಸಾಬರು ಮೀಸೆ ಮೂಡುವ ಮೊದಲೇ ತಂದೆಯ ಪಕ್ಕ ಬಂದು ಕುಳಿತ ಈ ಮಣೆ ಉಳಿಯುತ್ತದೆಯೇ ಎಂಬುದೇ ಈ ಒಲೆಯ ಸುತ್ತ ಈಗ ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ.

ಹಾಗಾಗಿ ಮಾತೆಲ್ಲ ಕುಸ್ತಿಯದ್ದೇ.

"ಎಲ್ರೂ ಕೇಳೋದು ಒಂದೇ ಸಾರ್," ಇವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ ನಜೀರ್. "ಅದೆಲ್ಲಾ ಸುಳ್ಳಂತಲ್ಲ, ಮುಂಚೇನೇ ಮಾತಾಡ್ಕೊಂಡಿರ್ತಾರಂತಲ್ಲ ಅಂತ. ಹೂಂ, ಮಾತಾಡ್ಕೊಂಡಿರ್ತಾರೆ. ಗೆಲ್ಲೋದು ಸುಳ್ಳು. ನೆಲ ಸುಳ್ಳಾ? ಅಷ್ಟೆತ್ತರದಿಂದ ಬಿದ್ರೆ ಬೆನ್ನಿಗೆ ಗೊತ್ತಾಯ್ತದಾ, ಇದು ಮಾತಾಡ್ಕೊಂಡಿದ್ದು ಅಂತ?"

"ಗರಡಿ ಕುಸ್ತಿ ಮುಂದೆ ಇದೇನ್ ಸಾಬ್ರೆ? ಅಲ್ಲಿ ಯಾರ್ ಗೆಲ್ತಾರೆ ಅಂತ ದೇವ್ರಿಗೂ ಗೊತ್ತಿರಕಿಲ್ಲ," ದಾಸಪ್ಪ ಕೆಣಕುತ್ತಾರೆ.

"ಅದೇ ಕಣಪ್ಪ ನಾನ್ ಹೇಳೋದು. ಅಲ್ಲಿ ಇಬ್ರೂ ಗೆಲ್ತೀನಿ ಅಂತ ಹೋಯ್ತಾರೆ. ಇಲ್ಲಿ ಒಬ್ಬಂಗೆ ಮನೆ ಬಿಡೋವಾಗ್ಲೇ ಗೊತ್ತು, ಇವತ್ತು ಸೋಲೋದು ನಾನು ಅಂತ. ಗೊತ್ತಿದ್ದೂ ಎದ್ದು, ಸ್ನಾನ ಮಾಡಿ, ಬೂಟು ಕಟ್ಕೊಂಡು ಹೋಯ್ತಾನಲ್ಲ. ನೀನು ಹೋಯ್ತೀಯಾ?"

ದಾಸಪ್ಪ ಒಲೆಗೆ ಸೌದೆ ತಳ್ಳುತ್ತಾರೆ.

ತೊಂಬತ್ತರ ದಶಕದಲ್ಲಿ ಈ ಓಣಿಗೆ ಕೇಬಲ್ ಬಂದಾಗ ರಸೂಲ್ ಎಂಬವರ ಟೀ ಅಂಗಡಿಯಲ್ಲಿ ಗೂಡಿನ ವಾಸನೆ ಹೊತ್ತ ಗಂಡಸರೆಲ್ಲ ಬೆಂಚು ತುಂಬಿ ಕೂರುತ್ತಿದ್ದರಂತೆ. ಅಂದಿನಿಂದ ನಜೀರ್ ಸಾಬರು ನೋಡದೆ ಬಿಟ್ಟ ವಾರ ಕಡಿಮೆ. "ಮೊದಮೊದ್ಲು ನಾನೂ ನಿಜ ಅಂದ್ಕೊಂಡಿದ್ದೆ. ನಮ್ಮೋನು ಸೋತ್ರೆ ಊಟ ಬಿಡ್ತಿದ್ದೆ."

"ಬಿಡ್ತಿದ್ದಿದ್ದು ಮಧ್ಯಾಹ್ನದ್ದು," ಎನ್ನುತ್ತಾರೆ ಮುನವ್ವರಾ. "ಸಂಜೆ ಎರಡೂ ಹೊತ್ತಿಂದು ಸೇರಿಸಿ ತಿನ್ನೋರು."

ಆಮೇಲೆ ಒಂದು ದಿನ ನಜೀರ್ ಸಾಬರ ಕಣ್ಣಿಗೆ ಬೇರೆಯದೇ ಬಿತ್ತು. ದಪ್ಪ ಪೈಲ್ವಾನನನ್ನು ಇನ್ನೊಬ್ಬ ತಲೆಯ ಮೇಲೆತ್ತುವಾಗ, ಎತ್ತಿಸಿಕೊಳ್ಳುವವನೇ ಕಾಲು ಒತ್ತಿ ಹಾರಿಕೊಡುತ್ತಾನೆ. ಹಾರದಿದ್ದರೆ ಯಾರಿಗೂ ಅವನನ್ನು ಎತ್ತಲಾಗುವುದಿಲ್ಲ. ಜನ ಚಪ್ಪಾಳೆ ಹೊಡೆಯುವುದು ಎತ್ತಿದವನಿಗೆ. ಅಂದಿನಿಂದ ನಜೀರ್ ಸಾಬರು ಬೆಲ್ಟು ಗೆದ್ದವರನ್ನು ಬಿಟ್ಟು, ಸೋಲುವುದನ್ನೇ ಕೆಲಸ ಮಾಡಿಕೊಂಡವರ ಪಕ್ಷ ಹಿಡಿದಿದ್ದಾರೆ. ಹಸಿರು ಚಡ್ಡಿಯವನು ಅಂಥವನು.

ಈ ಕುಸ್ತಿಯ ವ್ಯಾಪಾರದ ಬಗ್ಗೆ ಅವರ ತಕರಾರು ದೊಡ್ಡದು. "ಆಗ ಈ ಆಟ ನಡ್ಸೋ ಕಂಪನಿ ಎರಡಿದ್ವು ಸಾರ್. ಒಬ್ರ ಮೇಲೊಬ್ರು ಹಟಕ್ಕೆ ಬಿದ್ದು ಒಳ್ಳೊಳ್ಳೆ ಆಟ ಕೊಡೋರು. ಪೈಲ್ವಾನ ಇಲ್ಲಿ ಆಗ್ಲಿಲ್ಲ ಅಂದ್ರೆ ಅಲ್ಲಿಗೆ ಹೋಗೋನು. ಒಂದು ಇನ್ನೊಂದನ್ನ ಕೊಂಡ್ಕೊಂಬುಡ್ತು. ಅವತ್ತೇ ಮುಗೀತು. ಗೂಡಿನ ಮಾರ್ಕೆಟ್ಟಲ್ಲಿ ಕೊಳ್ಳೋನು ಒಬ್ಬನೇ ಆದ್ರೆ ಬೆಳೆದೋನ ಗತಿ ಏನು? ಪೈಲ್ವಾನಂದೂ ಅಷ್ಟೆ. ಈಚೆಗೆ ಇನ್ನೊಂದು ಸಣ್ಣದು ಬಂದೈತೆ ಅಂತಾರೆ, ಆದ್ರೆ ಹಳೇ ಹಟ ಇಲ್ಲ." ಪೈಲ್ವಾನರನ್ನು ಕಂಪನಿ ತನ್ನ ಆಳುಗಳೆಂದು ಲೆಕ್ಕಕ್ಕಿಡುವುದಿಲ್ಲ, ಕಂಟ್ರಾಕ್ಟಿನವರು ಎನ್ನುತ್ತದೆ ಎಂದು ಅವರಿಗೆ ಸಾಬೀರ್ ಹೇಳಿದ್ದಾನೆ. ಇದನ್ನು ಕೇಳಿದ ದಾಸಪ್ಪನಿಗೆ ಆಶ್ಚರ್ಯ. "ಅಮೇರಿಕಾದಾಗೂ ನಮ್ ಥರಾನೇ ಪೀಸ್ ರೇಟಾ?"

ಮಂಡಿ ಹೋದ ಮುದಿ ಪೈಲ್ವಾನರನ್ನು ಒಂದು ರಾತ್ರಿಗೆ ಕರೆತಂದು ಟಿಕೆಟ್ ಮಾರುವುದನ್ನು ನಜೀರ್ ಸಾಬರು ಒಪ್ಪುವುದಿಲ್ಲ. ಮೈಕು ಹಿಡಿದು ಗಂಟೆಗಟ್ಟಲೆ ಮಾತಾಡುವುದನ್ನೂ ಒಪ್ಪುವುದಿಲ್ಲ. "ಈಗ ಕುಸ್ತಿ ಕಾಲು ಭಾಗ, ಮಾತು ಮುಕ್ಕಾಲು. ಆ ಇಂಗ್ಲಿಷು ನನಗೆ ಬರಲ್ಲ. ನನಗೆ ಅರ್ಥ ಆಗ್ತಿದ್ದಿದ್ದು ಬೀಳೋದೊಂದೇ. ಈಗ ಅದು ಕಾಣಲ್ಲ."

ಅಷ್ಟರಲ್ಲಿ ಮೊಬೈಲಿನಲ್ಲಿ ಜನ ಹೋ ಎಂದು ಕೂಗುತ್ತಾರೆ. ರೆಫರಿ ನೆಲಕ್ಕೆ ಮೂರು ಸಲ ಬಡಿದ ಸದ್ದು, ಗಂಟೆಯ ಸದ್ದು. "ಹಸಿರು ಚಡ್ಡಿ ಗೆದ್ದ!" ಎನ್ನುತ್ತಾರೆ ಮುನವ್ವರಾ. ಕಿಟಕಿಯ ಕಡೆ ನೋಡಿದರೆ ಕೈ ಎತ್ತಿ ನಿಂತಿರುವವನು ಬೋಳುತಲೆಯವನು. ಹಸಿರು ಚಡ್ಡಿಯವನು ಹಗ್ಗದ ಕೆಳಗಿನಿಂದ ಉರುಳಿಕೊಂಡು ಹೊರಗೆ ಹೋಗುತ್ತಿದ್ದಾನೆ. ಈ ಆಟದಲ್ಲಿ ಪ್ರತಿಯೊಬ್ಬ ಪೈಲ್ವಾನನಿಗೂ ಅವನದೇ ಒಂದು ಹಾಡಿರುತ್ತದೆ, ಗೆದ್ದವನ ಹಾಡನ್ನೇ ಕೊನೆಗೆ ಹಾಕುತ್ತಾರೆ. ಈಗ ಕೇಳುತ್ತಿರುವುದು ಬೋಳನ ಹಾಡು. ಮೂವತ್ತು ವರ್ಷದ ಅಭಿಮಾನಿಗೆ ಅದು ತಿಳಿಯದೆ ಇರುವುದಿಲ್ಲ. ನೀರಿನೊಳಗೆ ನಜೀರ್ ಸಾಬರ ಕೈ ಒಂದು ಕ್ಷಣ ನಿಲ್ಲುತ್ತದೆ.

"ಒಳ್ಳೇ ಆಟ," ಎನ್ನುತ್ತಾರೆ.

ಟೀ ಕುಡಿಯಲು ಅವರು ಗೋಡೆ ಸವರಿಕೊಂಡು ಹೊರಗೆ ಹೋದಾಗ ಮುನವ್ವರಾ ಸೆರಗಿನಿಂದ ಕತ್ತು ಒರೆಸಿಕೊಂಡು ತಾವಾಗಿಯೇ ಹೇಳುತ್ತಾರೆ. "ನೋಡಿದ್ರಲ್ಲ ಸಾರ್. ನಾನು ಮೊಬೈಲ್ ಯಾವಾಗ ನೋಡ್ಲಿ? ನನ್ ಕಣ್ಣು ಬಾಣಲೆ ಮೇಲೇ ಇರ್ಬೇಕು. ಎಳೆ ಕಡಿದ್ರೆ ಅವರಿಗೆ ಕಾಣಲ್ಲ, ಬೆರಳಿಗೆ ಗೊತ್ತಾಗೋ ಹೊತ್ಗೆ ಮೊಳದುದ್ದ ಹೋಗಿರ್ತದೆ. ನಾನು ನೋಡಿ ಚರಕ ಒಸಿ ನಿಧಾನ ಮಾಡಿ ಹೇಳ್ತೀನಿ. ಕೈಗೂ ಕಣ್ಣಿಗೂ ಕೆಲಸ ಐತೆ, ಬಾಯಿ ಒಂದೇ ಖಾಲಿ. ಅದಕ್ಕೆ ಬಾಯಿಗೆ ಬಂದಿದ್ದು ಹೇಳ್ತೀನಿ. ಎತ್ತಿದ, ಹಾಕಿದ, ಎದ್ದ. ಇಷ್ಟೇ ತಾನೇ? ಇಷ್ಟು ವರ್ಷ ಬೈಕೊಂಡಾದ್ರೂ ನೋಡಿದೀನಿ."

ಇದು ಸುಳ್ಳೆಂದು ಅವರಿಗೆ ತಿಳಿಯುವುದಿಲ್ಲವೇ ಎಂದು ನಾನು ಕೇಳಿದರೆ ನಗುತ್ತಾರೆ. "ಗೊತ್ತು ಸಾರ್. ಗೊತ್ತಿಲ್ದೋರ ಥರ ಇರ್ತಾರೆ. ನಾನೂ ಹಂಗೇ ಇರ್ತೀನಿ. ಬರ್ಕೊಳಿ, ಏನೂ ಆಗಲ್ಲ."

ನಜೀರ್ ಸಾಬರೂ ಮುಚ್ಚಿಡುವುದಿಲ್ಲ. "ಈಗ ಅವಳೇ ಕಂಪನಿ. ಯಾರ್ ಗೆಲ್ಬೇಕು ಅಂತ ಅವಳು ಹೇಳ್ತಾಳೆ. ಹಸಿರು ಚಡ್ಡಿ ಗೆಲ್ಲೋದು ನನಗೆ ಬೇಕಿಲ್ಲ ಸಾರ್, ಅವಳಿಗೆ ಬೇಕು. ನೋಡೋಕೆ ಕೂತೋನು ನಂಬ್ದೆ ಹೋದ್ರೆ ಆಟ ಎಲ್ಲಿ ನಡೀತದೆ?"

ಕುಸ್ತಿಯ ವ್ಯಾಪಾರದಲ್ಲಿ ಅವರು ಪೂರ್ತಿ ಒಪ್ಪುವ ಪದ್ಧತಿ ಒಂದೇ ಒಂದು. ಕಂಪನಿ ಬಿಟ್ಟು ಹೋಗುವ ಪೈಲ್ವಾನ ಕೊನೆಯ ಆಟದಲ್ಲಿ ಹೊಸಬನೊಬ್ಬನಿಗೆ ಸೋತು ಹೋಗಬೇಕು. "ಗೆದ್ದು ಹೋದ್ರೆ ಗೆಲುವು ಅವನ ಜೊತೆ ಹೋಯ್ತದೆ, ಯಾರಿಗೂ ಬರಲ್ಲ. ಸೋತು ಹೋದ್ರೆ ಹೊಸಬ ದೊಡ್ಡೋನಾಗ್ತಾನೆ. ಒಳ್ಳೆ ಕೆಲಸಗಾರ ಕೊನೇ ದಿನ ಚೆನ್ನಾಗಿ ಬೀಳ್ತಾನೆ ಸಾರ್. ಹೊಸಬ ಎತ್ತಿದ್ದಕ್ಕೇ ಇವನು ಹಾರಿದ ಅನ್ನೋ ಹಂಗೆ."

ಕಣ್ಣು ಹೋಗತೊಡಗಿದ ಮೇಲೆ ಅವರು ಇದನ್ನೇ ಯೋಚಿಸಿದ್ದಾರೆ. ಇನ್ನೊಬ್ಬ ಬರಲಿ, ಪಕ್ಕದಲ್ಲಿ ಕೂರಲಿ, ನೀರಿನ ಬಿಸಿ, ಎಳೆ ಹಿಡಿಯುವ ಬೆರಳು ಎಲ್ಲ ತೋರಿಸಿ ತಾನೇ ಎದ್ದು ಬಿಡುವುದು. ಸಾಬೀರನನ್ನು ಕೇಳಿದರು. "ಚಾಚಾ, ಕುದಿಯೋ ನೀರಿಗೆ ಕೈ ಹಾಕೋಕೆ ನನಗೇನು ಹುಚ್ಚಾ? ಫ್ಯಾಕ್ಟರಿಯಲ್ಲಿ ನಮಗೆ ಗ್ಲೌಸ್ ಕೊಡ್ತಾರೆ," ಎಂದ. ಓಣಿಯಲ್ಲಿ ಇನ್ನೂ ಕೆಲವರನ್ನು ಕೇಳಿದರು. ಒಬ್ಬರೂ ಬರಲಿಲ್ಲ. ಕೊನೆಗೆ ವಹಾಬರೇ ಯಾರನ್ನಾದರೂ ಕರೆತರುತ್ತಾರೆ ಎಂದು ಕಾಯುತ್ತಿದ್ದರು.

ಬಿಸಿಲೇರುವ ಹೊತ್ತಿಗೆ ವಹಾಬ್ ಸ್ಕೂಟರಿನಲ್ಲಿ ಬರುತ್ತಾರೆ. ಸುತ್ತಿದ ನೂಲನ್ನು ಬೆರಳಿನ ನಡುವೆ ಎಳೆದು ನೋಡಿ ಕೆಳಗಿಡುತ್ತಾರೆ. ನಜೀರ್ ಸಾಬರು ಸದ್ದು ಬಂದ ಕಡೆಗೆ ಮುಖ ತಿರುಗಿಸುತ್ತಾರೆ.

"ವಹಾಬ್ ಭಾಯ್, ಹೊಸಬನ್ನ ಯಾವಾಗ ಕರ್ಕೊಂಡ್ ಬತ್ತೀರ? ನನ್ ಕೈಯಾಗ್ ಶಕ್ತಿ ಇರೋವಾಗ್ಲೇ ಬಂದ್ರೆ ಒಳ್ಳೇದು."

"ಯಾವ ಹೊಸಬ?"

"ಈ ಮಣೆಗೆ."

ವಹಾಬ್ ಕೀ ಗೊಂಚಲನ್ನು ಕೈಯಲ್ಲಿ ತಿರುಗಿಸುತ್ತಾರೆ. "ನಜೀರ್ ಭಾಯ್, ಇನ್ನು ಮುಚ್ಚಿಟ್ಟು ಏನ್ ಪ್ರಯೋಜನ? ಈ ಗೂಡು ಮುಗಿದ ಮೇಲೆ ಒಲೆ ಆರಿಸ್ತೀನಿ. ಎಲ್ರೂ ಮಿಷನ್ ನೂಲೇ ಕೇಳ್ತಾರೆ, ಚರಕದ್ದು ಯಾರಿಗೂ ಬೇಡ. ಹೊಸಬನೂ ಇಲ್ಲ, ಹಳಬನೂ ಇಲ್ಲ."

"ನಮ್ ನೂಲು ತೆಳ್ಳಗಾಯ್ತು ಅಂತಾನಾ?" ಕೇಳಿದವರು ಮುನವ್ವರಾ.

"ಅಲ್ಲಮ್ಮ. ತೆಳ್ಳಗಾಗಿದ್ದು ಒಂದು ವರ್ಷದಿಂದ ನನಗೆ ಗೊತ್ತು. ನೀನು ಪಟ್ಟ ಕಷ್ಟಾನೂ ಗೊತ್ತು. ಅದಕ್ಕಲ್ಲ. ಇದೇ ನೂಲು ಚಿನ್ನದ ಹಂಗಿದ್ರೂ ನಾನು ಮುಚ್ಚಲೇಬೇಕು."

ಚರಕ ನಿಂತಿದೆ. ಒಂದು ವರ್ಷ ರೆಪ್ಪೆ ಬಡಿಯದೆ ಎಳೆ ಕಾದ ಮುನವ್ವರಾ ಬಾಣಲೆಯಿಂದ ಕಣ್ಣು ತೆಗೆದು, ಮೊದಲ ಸಲ ಎಂಬಂತೆ, ಕಿಟಕಿಯಲ್ಲಿದ್ದ ಮೊಬೈಲನ್ನು ನೋಡುತ್ತಾರೆ. ಅಲ್ಲಿ ಏನೋ ಜಾಹೀರಾತು ಬರುತ್ತಿದೆ. ಬೇರೆ ಏನಾದರೂ ಕೆಲಸ ನೋಡೋಣ ಎಂದು ವಹಾಬ್ ಎರಡು ಸಲ ಹೇಳಿ ಸ್ಕೂಟರ್ ಹತ್ತುತ್ತಾರೆ. ನೋಡಲು ಬೇರೆ ಏನಿದೆ ಎಂದು ಅವರಿಗೂ ಗೊತ್ತಿಲ್ಲ. ದಾಸಪ್ಪ ಸೌದೆಯ ಕಟ್ಟನ್ನು ಬಿಚ್ಚಬೇಕೋ ಬೇಡವೋ ಎಂದು ನಿಂತಿದ್ದಾರೆ.

ನಜೀರ್ ಸಾಬರು ಮಾತ್ರ ಕೈಯನ್ನು ನೀರಿನಿಂದ ತೆಗೆಯುವುದಿಲ್ಲ. ಚರಕ ನಿಂತರೂ ಗೂಡು ಬೇಯುತ್ತಲೇ ಇರುತ್ತದೆ, ಬಿಟ್ಟರೆ ಎಳೆ ಹಾಳು. ಇನ್ನೇನಾದರೂ ಆಸೆ ಇದೆಯೇ ಎಂದು ನಾನು ಕೇಳಿದಾಗ ಕಣ್ಣಿನ ಮಾತಾಗಲಿ ಹಣದ ಮಾತಾಗಲಿ ಅವರ ಬಾಯಿಂದ ಬರುವುದಿಲ್ಲ.

"ಒಬ್ಬ ಬಂದಿದ್ರೆ ಸಾಕಿತ್ತು ಸಾರ್. 'ಏ ಮುದ್ಕ, ಏಳು ಮೇಲೆ, ಇದು ನನ್ ಜಾಗ' ಅಂತ ಗದರ್ಸಿದ್ರೂ ಸಾಕಿತ್ತು. ಎದ್ದು ಕೊಡ್ತಿದ್ದೆ. ಎಲ್ರೂ ನೋಡೋ ಹಂಗೆ ಚೆನ್ನಾಗಿ ಎದ್ದು ಕೊಡ್ತಿದ್ದೆ. ಸೋಲೋಕಾದ್ರೂ ಎದುರಿಗೆ ಒಬ್ಬ ಇರ್ಬೇಕಲ್ಲ."