ನೂರಾಹನ್ನೊಂದು ಮತ್ತು ಎರಡು ಮುಚ್ಚಳ ಅರಿಷ್ಟ

ಸುಕ್ಕು ತೆಗೆಯುವ ಸೂಜಿ ಹಾಕಿಸಿಕೊಂಡವಳು ನಾನು ಎಂದರೆ ನನ್ನ ಜೊತೆ ಕೆಲಸ ಮಾಡಿದವರು ಇವತ್ತಿಗೂ ನಂಬುವುದಿಲ್ಲ. ತುಮಕೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದವಳು ನಾನು. ಕಾಟನ್ ಸೀರೆಗೆ ಗಂಜಿ ಹಾಕಿ ಉಡುತ್ತಿದ್ದೆ, ಪೌಡರ್ ಮೆತ್ತಿಕೊಂಡು ಬಂದ ಹುಡುಗಿಯರನ್ನು ನಲ್ಲಿಯ ಹತ್ತಿರ ಕಳಿಸಿ ಮುಖ ತೊಳೆಸುತ್ತಿದ್ದೆ. ಅಂಥವಳು ನಲವತ್ತೈದನೇ ವಯಸ್ಸಿನಲ್ಲಿ, ಎರಡು ಸಾವಿರದ ಏಳೋ ಎಂಟೋ ಇರಬೇಕು, ಹುಬ್ಬಿನ ನಡುವಿನ ಎರಡು ಗೆರೆ ಅಳಿಸಿಕೊಳ್ಳಲು ಹೋದೆ. ಕಾರಣ ಒಂದೇ. ಗುಬ್ಬಿಯಲ್ಲಿ ನಾದಿನಿಯ ಮಗಳ ಮದುವೆಯಿತ್ತು, ಆ ಮದುವೆಗೆ ನಮ್ಮ ಯಜಮಾನರು ಬರುವವರಿದ್ದರು. ಅವರ ಮುಖ ನೋಡಿ ಹತ್ತು ವರ್ಷವಾಗಿತ್ತು.

ಮದುವೆಯಾದ ಹೊಸದರಲ್ಲಿ, ಅಂದರೆ ತೊಂಬತ್ತರ ಸುಮಾರಿಗೆ, ಅವರಿಗೆ ಮಾರ್ಕೋನಹಳ್ಳಿ ಡ್ಯಾಮಿನ ಹತ್ತಿರ ಕೆಲಸ. ನಾಲೆಗೆ ನೀರು ಬಿಡುವುದು ನಿಲ್ಲಿಸುವುದು ನೋಡಿಕೊಳ್ಳುತ್ತಿದ್ದರು. ನನಗೆ ಅಮೃತೂರಿನ ಶಾಲೆ. ಅಮೃತೂರಿನಲ್ಲೇ ಬಾಡಿಗೆ ಮನೆ ಮಾಡಿದ್ದೆವು. ಮಕ್ಕಳಾಗಲಿಲ್ಲ. ನನಗೆ ಮೈಯಲ್ಲಿ ರಕ್ತ ಕಡಿಮೆ ಅಂತ ಕುಣಿಗಲ್ಲಿನ ಆಯುರ್ವೇದ ಪಂಡಿತರೊಬ್ಬರು ಅರಿಷ್ಟ ಬರೆದುಕೊಟ್ಟರು, ರಾತ್ರಿ ಊಟವಾದ ಮೇಲೆ ಎರಡು ಮುಚ್ಚಳ, ಅಷ್ಟೇ ನೀರು ಬೆರೆಸಿ. ಸಂಬಳದ ದಿನ ಯಜಮಾನರು ಕುಣಿಗಲ್‌ನಿಂದ ಬಸ್ಸಿಳಿದು ಬಂದರೆ ವೈರ್ ಬ್ಯಾಗಿನಲ್ಲಿ ಎರಡು ಸೀಸೆ ಇರುತ್ತಿದ್ದವು. ಒಂದು ಗ್ರಂಧಿಗೆ ಅಂಗಡಿಯ ಅರಿಷ್ಟ, ನನಗೆ. ಇನ್ನೊಂದು ಬ್ರಾಂದಿ ಅಂಗಡಿಯದು, ಅವರಿಗೆ. ಎರಡೂ ಒಂದಕ್ಕೊಂದು ತಗಲಿ ಸದ್ದು ಮಾಡುತ್ತಿದ್ದವು, ಆ ಸದ್ದಿಗೇ ನನ್ನ ಹುಬ್ಬು ಗಂಟಾಗುತ್ತಿತ್ತು.

ಹುಬ್ಬು ಗಂಟಿಕ್ಕಿದಾಗ ನನ್ನ ಹಣೆಯ ಮೇಲೆ ಎರಡು ಗೆರೆ ನೆಟ್ಟಗೆ ನಿಲ್ಲುತ್ತಿದ್ದವು, ನಡುವೆ ಉದ್ದಕ್ಕೆ ಕುಂಕುಮ. ಅದಕ್ಕೆ ಅವರು ಇಟ್ಟ ಹೆಸರು ನೂರಾಹನ್ನೊಂದು. ಅಯ್ಯಂಗಾರ್ರ ನಾಮದ ಥರ ಕಾಣುತ್ತದಂತೆ. ಹೊಸಿಲು ದಾಟುವ ಮೊದಲೇ ಇಣುಕಿ, "ಏನ್ ಮೇಡಮ್ಮೋರೇ, ಇವತ್ತು ನೂರಾಹನ್ನೊಂದು ಬಿದ್ದದೋ ಇಲ್ವೋ?" ಅನ್ನುತ್ತಿದ್ದರು. ಬಿದ್ದಿರುತ್ತಿತ್ತು, ಬೀಳದೆ ಏನು. ಆಮೇಲೆ ಹತ್ತಿರ ಬಂದು, ಹೆಬ್ಬೆರಳನ್ನು ನನ್ನ ಹುಬ್ಬಿನ ನಡುವೆ ಇಟ್ಟು, "ತಡಿ, ಇಸ್ತ್ರಿ ಮಾಡ್ತೀನಿ" ಅಂತ ಮೇಲಕ್ಕೆ ಉಜ್ಜುತ್ತಿದ್ದರು. ಕುಂಕುಮವೆಲ್ಲ ಹಣೆಗೆ ಹರಡಿ ಹೋಗುತ್ತಿತ್ತು. ನಾನು ಕೈ ತಳ್ಳುತ್ತಿದ್ದೆ. ಎಷ್ಟು ಸಲ ತಳ್ಳಿದೆನೋ, ಅಷ್ಟು ಸಲವೂ ಈಗ ನೆನೆಸಿಕೊಂಡು ಸಂಕಟಪಡುತ್ತೇನೆ.

"ಕುಡುಕರ ಮನೆ ಆಗೋಯ್ತು ಇದು" ಅಂತ ನಾನು ಬೈದರೆ ಅವರು ನಗುತ್ತಿದ್ದರು. "ಇಬ್ರುದೂ ಸೀಸೆನೇ ಕಣೇ. ನಂದುಕ್ಕೆ ಸರ್ಕಾರ ಸೀಲ್ ಹಾಕ್ತದೆ, ನಿಂದುಕ್ಕೆ ಪಂಡಿತ್ರು ಹಾಕ್ತಾರೆ, ಅಷ್ಟೇಯ." ನನಗೆ ಮೈ ಉರಿಯುತ್ತಿತ್ತು. ನನ್ನ ಔಷಧಿಯನ್ನು ಅವರ ಹಾಳು ಬ್ರಾಂದಿಗೆ ಹೋಲಿಸುವುದೆಂದರೆ ಏನು!

ಕುಡಿದರೆ ಅವರು ಹೊಡೆಯುವವರಲ್ಲ, ಬೈಯುವವರೂ ಅಲ್ಲ. ಮಾತು ಹೆಚ್ಚಾಗುತ್ತಿತ್ತು, ನಡಿಗೆ ತಪ್ಪುತ್ತಿತ್ತು. ಬೆಳಿಗ್ಗೆ ಮುಖದ ಮೇಲೆ ಗಾಯದ ಬಾವು ಕಂಡು ಕೇಳಿದರೆ "ಬಾಗ್ಲು ತಗುಲ್ತು" ಅನ್ನುವುದು ಖಾಯಂ ಉತ್ತರ. ಒಂದು ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಕುಡಿದು ಬಂದು ಮುಂದಿನ ಸಾಲಿನಲ್ಲಿ ಕೂತರು. ನಾನು ವಂದನಾರ್ಪಣೆ ಮಾಡುತ್ತಿದ್ದಾಗ ಪ್ರತಿ ಹೆಸರಿಗೂ ಒಬ್ಬರೇ ಚಪ್ಪಾಳೆ ಹೊಡೆದರು. ಊರೆಲ್ಲ ನಕ್ಕಿತು. ಆ ವಾರವೇ ತುಮಕೂರಿಗೆ ವರ್ಗ ಕೇಳಿ ಬರೆದೆ. ಹೊರಡುವ ದಿನ ಟ್ರಂಕಿನ ಮೇಲೆ ಕೈಯಿಟ್ಟುಕೊಂಡು, "ಸೀಸೆ ಬಿಟ್ಟ ದಿನ ಬನ್ನಿ" ಅಂದೆ. "ನೀನು ಕರ್ದ ದಿನ ಬರ್ತೀನಿ ಬುಡು" ಅಂದರು. ಅವರು ಸೀಸೆ ಬಿಡಲಿ ಅಂತ ನಾನು ಕಾದೆ, ನಾನು ಕರೆಯಲಿ ಅಂತ ಅವರು ಕಾದರು. ಹೀಗೆ ಹತ್ತು ವರ್ಷ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಅದು ಅವರ ಕುಡಿತಕ್ಕಿಂತ ನನ್ನ ಹಟಕ್ಕೆ ಹೆಚ್ಚು ಒಪ್ಪುವ ಮಾತು. ತುಮಕೂರಿಗೆ ಬಂದು ತಿಂಗಳಾಗುವುದರೊಳಗೆ ನನಗೆ ಅವರು ಬೇಕು ಅನ್ನಿಸಿತ್ತು. ಒಬ್ಬಳಿಗೆ ಅಂತ ಮುದ್ದೆ ಮಾಡಲು ಹೋದರೆ ಕೈಗೆ ಅಳತೆ ಸಿಗುತ್ತಿರಲಿಲ್ಲ, ಎರಡೇ ಆಗುತ್ತಿತ್ತು. ಆದರೂ ಒಂದು ಕಾಗದ ಬರೆಯಲಿಲ್ಲ. ಅರಿಷ್ಟ ಮಾತ್ರ ಬಿಡಲಿಲ್ಲ. ಅವರು ತಂದುಕೊಟ್ಟು ರೂಢಿ ಮಾಡಿಸಿದ್ದು ಅನ್ನುವ ಒಂದೇ ಕಾರಣಕ್ಕೆ ರಕ್ತ ಸರಿಯಾದ ಮೇಲೂ ದಿನಾ ಎರಡು ಮುಚ್ಚಳ ಕುಡಿಯುತ್ತಿದ್ದೆ. ಕುಡಿದರೆ ಮೈ ಬೆಚ್ಚಗಾಗಿ ನಿದ್ದೆ ಚೆನ್ನಾಗಿ ಬರುತ್ತಿತ್ತು. ಯಾಕೆ ಬರುತ್ತದೆ ಅಂತ ಯಾವತ್ತೂ ಕೇಳಿಕೊಳ್ಳಲಿಲ್ಲ.

ನಾದಿನಿ ಲಗ್ನಪತ್ರಿಕೆ ಕೊಡಲು ಬಂದಾಗ, "ಅಣ್ಣನೂ ಬರ್ತಾವ್ನೆ ಅತ್ಗೆ" ಅಂದಳು. ಅವಳು ಹೋದ ಮೇಲೆ ಕನ್ನಡಿಯ ಮುಂದೆ ನಿಂತೆ. ಮೊದಲೆಲ್ಲ ಸಿಟ್ಟು ಬಂದಾಗ ಮಾತ್ರ ಬೀಳುತ್ತಿದ್ದ ಗೆರೆಗಳು ಈಗ ಸುಮ್ಮನಿದ್ದಾಗಲೂ ಹಾಗೇ ನಿಂತಿದ್ದವು. ಹತ್ತು ವರ್ಷದ ಮೇಲೆ ಅವರು ನೋಡುವುದು ಈ ಗಂಟುಮುಖವನ್ನೇ? ಬೇಡ, ಈ ಸಲ ನಾನು ಸಿಟ್ಟಿಲ್ಲದವಳ ಹಾಗೆ ಕಾಣಬೇಕು, "ಮನೆಗೆ ಬನ್ನಿ" ಅಂತ ಬಾಯಿಬಿಟ್ಟು ಕೇಳಬೇಕು ಅಂದುಕೊಂಡೆ.

ಬೆಂಗಳೂರಿನಿಂದ ವಾರಕ್ಕೊಮ್ಮೆ ತುಮಕೂರಿಗೆ ಬರುತ್ತಿದ್ದ ಚರ್ಮದ ಡಾಕ್ಟರೊಬ್ಬರಿದ್ದರು, ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಮದುವೆಗೆ ಹನ್ನೊಂದು ದಿನವಿರುವಾಗ ಸೂಜಿ ಹಾಕುವುದೆಂದು ನಿಗದಿಯಾಯಿತು. ಅದಕ್ಕೆ ಒಂದು ವಾರ ಮುಂಚೆ ಹೋಗಿ ಮಾತಾಡಿದಾಗ ಆಕೆ ಕೇಳಿದರು, "ಡ್ರಿಂಕ್ಸ್ ತಗೋತೀರಾ ಮೇಡಂ?"

"ನನ್ನನ್ನ ನೋಡಿದ್ರೆ ಹಾಗೆ ಕಾಣುತ್ತಾ?" ಅಂದೆ.

"ಎಲ್ಲರಿಗೂ ಕೇಳ್ತೀವಿ. ಹಿಂದಿನ ದಿನ, ಆ ದಿನ, ಮಾರನೇ ದಿನ ಆಲ್ಕೋಹಾಲ್ ಮುಟ್ಟಬಾರದು. ರಕ್ತ ತೆಳ್ಳಗಾದಂತಾಗಿ ಸೂಜಿ ಚುಚ್ಚಿದ ಜಾಗ ಕಪ್ಪಾಗುತ್ತೆ."

"ನಮ್ಮ ವಂಶದಲ್ಲೇ ಹೆಂಗಸರು ಅದನ್ನ ಮೂಸಿಲ್ಲ" ಅಂತ ಹೇಳಿ, ಅವರು ಕೊಟ್ಟ ಫಾರಂನಲ್ಲಿ 'ಇಲ್ಲ' ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದೆ. ಔಷಧಿಗಳೇನಾದರೂ ಇವೆಯಾ ಅನ್ನುವ ಕಡೆಯೂ ಇಲ್ಲ ಅಂತಲೇ ಬರೆದೆ. ಅರಿಷ್ಟ ನನಗೆ ಔಷಧಿ ಅನ್ನಿಸುವ ಕಾಲ ಎಂದೋ ಮುಗಿದಿತ್ತು, ಅದು ಊಟದ ಕೊನೆಯ ಮಜ್ಜಿಗೆಯಷ್ಟೇ ಮನೆಯದಾಗಿತ್ತು.

ಸೂಜಿಯ ಹಿಂದಿನ ರಾತ್ರಿ ಭಯಕ್ಕೆ ಎರಡು ಮುಚ್ಚಳ ಹೋಗಿ ನಾಲ್ಕಾಯಿತು. ಬೆಳಿಗ್ಗೆ ಹೊರಡುವ ಮುಂಚೆ ಧೈರ್ಯಕ್ಕೆ ಮತ್ತೆರಡು. ಚುಚ್ಚಿದ್ದು ಐದೇ ಸಲ, ಇರುವೆ ಕಚ್ಚಿದಷ್ಟು ನೋವು. ಮನೆಗೆ ಬಂದು ಖುಷಿಗೆ ಇನ್ನೆರಡು ಮುಚ್ಚಳ ಕುಡಿದು ಮಲಗಿದೆ. ಮಾರನೇ ದಿನ ನೋಡಿದರೆ ಎಡಹುಬ್ಬಿನ ಬುಡದಿಂದ ಮೂಗಿನ ಪಕ್ಕದವರೆಗೆ ನೇರಳೆ ಹಣ್ಣು ಹಿಸುಕಿದ ಬಣ್ಣ.

ಓಡಿಹೋಗಿ ಡಾಕ್ಟರನ್ನು ಹಿಡಿದೆ. ಅಂದೂ ಅವರು ತುಮಕೂರಿನಲ್ಲೇ ಉಳಿದಿದ್ದದ್ದು ನನ್ನ ಅದೃಷ್ಟ. ಸಣ್ಣ ರಕ್ತನಾಳಕ್ಕೆ ಸೂಜಿ ತಗಲಿದರೂ ಹೀಗಾಗುತ್ತದೆ, ಹೆದರಬೇಡಿ ಅಂದರು. ಆಮೇಲೆ ಏನೇನು ತಿಂದಿರಿ ಕುಡಿದಿರಿ ಅಂತ ಒಂದೊಂದಾಗಿ ಕೇಳಿದರು. ನಿದ್ದೆಗೆ ಅರಿಷ್ಟ ತಗೊಂಡೆ ಅಂದೆ. ಸಂಜೆ ಸೀಸೆ ತರಿಸಿ ತಿರುಗಿಸಿ, ಲೇಬಲ್ಲಿನ ಮೂಲೆಯಲ್ಲಿದ್ದ ಸಾಸಿವೆ ಕಾಳಿನಂಥ ಅಕ್ಷರಗಳ ಮೇಲೆ ಬೆರಳಿಟ್ಟರು. "ಓದಿ ಮೇಡಂ, ನೀವು ಕನ್ನಡ ಟೀಚರ್ ಅಲ್ವಾ." ಕನ್ನಡಕ ಏರಿಸಿ ಓದಿದೆ. ಅದರಲ್ಲಿ ತಾನಾಗಿಯೇ ಹುಟ್ಟಿದ ಮದ್ಯಸಾರ ಇದೆ ಅಂತ ಅಚ್ಚಾಗಿತ್ತು.

"ಹಾಗಾದ್ರೆ ನಾನು...?"

"ದಿನಾ ಸ್ವಲ್ಪ ಸ್ವಲ್ಪ ಕುಡೀತಿದ್ರಿ" ಅಂತ ಆಕೆ ನಗು ತಡೆದುಕೊಂಡರು. "ಕಪ್ಪಾಗೋಕೆ ಇದೊಂದೇ ಕಾರಣ ಅಂತ ಹೇಳಕ್ಕಾಗಲ್ಲ. ಆದ್ರೆ ಇದೂ ಸೇರಿರಬಹುದು."

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಅನ್ನುತ್ತಾರಂತೆ. ನಾನು ಅಡುಗೆಮನೆಯಲ್ಲಿ ಕೂತು ಹದಿನೈದು ವರ್ಷ ಕುಡಿದದ್ದನ್ನು ಯಾರೂ ಏನೂ ಅನ್ನಲಿಲ್ಲ, ಒಬ್ಬರನ್ನು ಬಿಟ್ಟು. ಆ ಒಬ್ಬರು ಎದುರಿಗೇ ಹೇಳಿದ್ದರು, ನಗುತ್ತಾ ಹೇಳಿದ್ದರು. ನಾನು ಮನೆಗೆ ನಡೆದುಕೊಂಡೇ ಹೋದೆ, ದಾರಿಯುದ್ದಕ್ಕೂ ನಗು, ಮನೆ ಸೇರುವ ಹೊತ್ತಿಗೆ ಅಳು. ಈ ಸುದ್ದಿಯನ್ನು ಅವರಿಗೆ ಮೊದಲು ಹೇಳಬೇಕು, ಹೇಳಿ ಬೈಸಿಕೊಳ್ಳಬೇಕು ಅನ್ನುವ ಆಸೆ ಎಷ್ಟಾಯಿತೆಂದರೆ ಉಳಿದ ದಿನಗಳನ್ನು ಕಳೆಯುವುದೇ ಕಷ್ಟವಾಯಿತು.

ಗುಬ್ಬಿಯ ಛತ್ರಕ್ಕೆ ಹೋಗುವ ಹೊತ್ತಿಗೆ ಕಪ್ಪು ಇಳಿದು ಅರಿಶಿನ ಬಣ್ಣಕ್ಕೆ ತಿರುಗಿತ್ತು. ಪೌಡರ್ ಮೆತ್ತಿಕೊಂಡೆ, ಹೌದು, ನಾನೇ. ಗೆರೆಗಳೆರಡೂ ಮಾಯವಾಗಿದ್ದವು. ಹುಬ್ಬು ಗಂಟಿಕ್ಕಲು ನೋಡಿದರೆ ಅಲ್ಲಿ ಏನೂ ಅಲುಗುತ್ತಿರಲಿಲ್ಲ.

ಧಾರೆ ಮುಗಿದು ಜನ ಊಟದ ಮನೆಯ ಕಡೆ ನುಗ್ಗುವಾಗ ಅವರು ಎದುರಿಗೆ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು, ಅಂಗಿಯ ಕಾಲರು ಸಡಿಲವಾಗಿತ್ತು. ಇಷ್ಟು ಸಣ್ಣಗಾಗುವವರೆಗೆ ನೋಡದೆ ಇದ್ದೆನಲ್ಲ ಅನ್ನಿಸಿತು.

"ಹುಬ್ಬಿಗೆ ಏನಾಯ್ತೇ?" ಅಂದರು.

"ಬಾಗ್ಲು ತಗುಲ್ತು ಕಣ್ರೀ."

ಅವರು ಸಣ್ಣಗೆ ನಕ್ಕರು. "ಇದು ನನ್ ಡೈಲಾಗು." ಆಮೇಲೆ ನನ್ನ ಮುಖವನ್ನೇ ನೋಡುತ್ತಾ ನಿಂತರು, ಪುಸ್ತಕದಲ್ಲಿ ಕಳೆದುಹೋದ ಪುಟ ಹುಡುಕುವವರ ಹಾಗೆ. "ನಾನು ಬಿಟ್ಟು ಮೂರು ವರ್ಷ ಆಯ್ತು ಕಣೇ. ಡಾಕ್ಟ್ರು ಹೆದ್ರುಸ್ಬುಟ್ರು, ಬಿಟ್ಟೆ."

"ಮೂರು ವರ್ಷವಾ? ಮತ್ತೆ ಯಾಕೆ ಬರಲಿಲ್ಲ?" ಅಂತ ಕಿರುಚಬೇಕಿತ್ತು ನಾನು. ಒಳಗೆ ಕಿರುಚಿಯೇ ಇದ್ದೆ. ಸಿಟ್ಟು, ದುಃಖ, ಸಂತೋಷ ಎಲ್ಲ ಒಟ್ಟಿಗೆ ಹಣೆಗೆ ಬಂದು ಅಲ್ಲೇ ನಿಂತವು. ಅವರಿಗೆ ಕಂಡದ್ದು ನುಣ್ಣನೆಯ ಹಣೆ ಮಾತ್ರ.

"ಮೂರು ವರ್ಷ ಸುಮ್ನಿದ್ದೆ ಅಂದ್ರೆ ನೀನು ಬೈತೀಯ ಅಂದ್ಕಂಡಿದ್ದೆ" ಅಂದರು. "ಬಸ್ಸಲ್ಲಿ ಬರ್ತಾ ಅದೇ ಯೋಚ್ನೆ. ಬೈಸ್ಕಂಡು, ಆಮೇಲೆ ಮನೆಗೆ ಬರ್ಲಾ ಅಂತ ಕೇಳಣ ಅಂತಿದ್ದೆ. ನಿನ್ ಹಣೇಲಿ ಒಂದು ಗೆರೆನೂ ಬೀಳ್ಲಿಲ್ಲ ನೋಡು. ಅಷ್ಟು ನೆಮ್ಮದಿಯಾಗಿದೀಯ. ಇರ್ಲಿ ಬುಡು, ನಾನ್ಯಾಕೆ ಮತ್ತೆ ಬಂದು ಕೆಡಿಸ್ಲಿ." ಹೆಬ್ಬೆರಳು ಒಂದಿಷ್ಟು ಮೇಲೆದ್ದಿತು, ಜನರನ್ನು ನೋಡಿ ಜೇಬಿಗೆ ಇಳಿಯಿತು. "ಬರ್ತೀನಿ. ಕುಣಿಗಲ್ ಬಸ್ಸು ತಪ್ಪೋಯ್ತದೆ."

ಅವರು ಊಟ ಕೂಡ ಮಾಡದೆ ಹೋದರು. ಛತ್ರದ ಬಾಗಿಲಿಂದ ಬಸ್ ಸ್ಟ್ಯಾಂಡಿನವರೆಗೆ ನಡೆಯುವ ದಾರಿ, ಓಡಿದ್ದರೆ ಸಿಗುತ್ತಿದ್ದರು. ನಾನು ಕಂಬ ಹಿಡಿದುಕೊಂಡು ನಿಂತೇ ಇದ್ದೆ. ಅವರು ತೀರಿಹೋದರು ಅಂತ ಕುಣಿಗಲ್‌ನಿಂದ ಫೋನು ಬಂದದ್ದು ಮುಂದಿನ ವರ್ಷ.

ಎಷ್ಟೋ ದಿನ ಆ ಸೂಜಿಯನ್ನೇ ಬೈದುಕೊಂಡೆ, ಅರಿಷ್ಟವನ್ನು ಬೈದೆ, ಡಾಕ್ಟರನ್ನೂ ಬೈದೆ. ಈಗ ಯಾರನ್ನೂ ಬೈಯುವುದಿಲ್ಲ. ಸೂಜಿ ಹಾಕಿದ್ದು ಹುಬ್ಬಿಗೆ. ನಾಲಿಗೆ ನನ್ನದು ನೆಟ್ಟಗೇ ಇತ್ತು.